ದ್ವೀಪ ಸುತ್ತುವ ಸೈಕಲ್: ಮೈಸೂರಿನಿಂದ ದರಿಯಾ ದೌಲತ್‌ವರೆಗೆ ಒಂದು ದಿನ

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಸುಮಾರು 15 ಕಿಲೋಮೀಟರ್. ರೂಢಿಯಿದ್ದವರು ಸೈಕಲ್ಲಿನಲ್ಲಿ ಒಂದು ಗಂಟೆಯೊಳಗೆ ತಲುಪುತ್ತಾರೆ. ರೂಢಿ ತಪ್ಪಿದವರು ನಡುವೆ ನಿಂತು, ನೀರು ಕುಡಿದು, ಮತ್ತೆ ಹೊರಟರೂ ಒಂದೂವರೆ ಗಂಟೆ ಸಾಕು. ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಕೂಡುವ ನಡುವೆ ಉಳಿದ ನೆಲವೇ ಶ್ರೀರಂಗಪಟ್ಟಣದ ದ್ವೀಪ. ಪಶ್ಚಿಮದಿಂದ ಪೂರ್ವಕ್ಕೆ ಸುಮಾರು ಐದು ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್ ಅಗಲ. ಪಶ್ಚಿಮದ ತುದಿಯಲ್ಲಿ ಕೋಟೆ, ಅದರಾಚೆಗೆ ದರಿಯಾ ದೌಲತ್ ಬಾಗ್ ಎಂಬ ಬೇಸಿಗೆ ಅರಮನೆ ಮತ್ತು ತೋಟ, ಇನ್ನೂ ಮುಂದೆ ಗಂಜಾಂ, ಪೂರ್ವದ ಕಡೆಗೆ ಲಾಲ್‌ಬಾಗ್, ಗುಂಬಜ್ ಮತ್ತು ಸಂಗಮ. 1610ರಿಂದ 1799ರವರೆಗೆ ಮೈಸೂರು ಸಂಸ್ಥಾನದ ರಾಜಧಾನಿಯಾಗಿದ್ದುದು ಇಷ್ಟು ಚಿಕ್ಕ ನೆಲ.

ಬಸ್ಸಿನಲ್ಲಿ ಬರುವ ಪ್ರವಾಸಿಗರು ಇದನ್ನು ಮೂರು ನಾಲ್ಕು ನಿಲ್ದಾಣಗಳಾಗಿ ನೋಡುತ್ತಾರೆ. ದೇವಸ್ಥಾನದ ಮುಂದೆ ಇಳಿದು ಹತ್ತುತ್ತಾರೆ, ಅರಮನೆಯ ಮುಂದೆ ಇಳಿದು ಹತ್ತುತ್ತಾರೆ, ಗುಂಬಜ್ ಮುಗಿಸಿ ಕೆಆರ್‌ಎಸ್ ಅಣೆಕಟ್ಟೆಯ ಕಡೆಗೆ ಹೊರಡುತ್ತಾರೆ. ಈ ಜಾಗಗಳಿಗೆ ಒಂದಕ್ಕೊಂದು ಇರುವ ಸಂಬಂಧ ಹಾಗೆ ನೋಡಿದವರಿಗೆ ಸಿಗುವುದಿಲ್ಲ. ನಡೆದು ನೋಡೋಣವೆಂದರೆ ಬಿಸಿಲು ಏರುವುದರೊಳಗೆ ದ್ವೀಪ ಮುಗಿಯುವುದಿಲ್ಲ. ಸೈಕಲ್ಲಿನ ವೇಗ ಇಲ್ಲಿಗೆ ಸರಿಹೊಂದುತ್ತದೆ. ಜಾಗ ತಿಳಿದವರೊಬ್ಬರು ಮುಂದೆ ನಿಂತು ನಡೆಸುವ ಒಂದು ದಿನದ ಸೈಕಲ್ ಪ್ರವಾಸಕ್ಕೆ ಮೈಸೂರಿನ ಸುತ್ತಮುತ್ತ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಸವಾರಿಯ ಏರ್ಪಾಡು

ಅರಮನೆಗಳನ್ನು ಸೈಕಲ್ಲಿನಲ್ಲಿ ನೋಡುವ ಪದ್ಧತಿ ಹೊರದೇಶಗಳಲ್ಲಿ ಚೆನ್ನಾಗಿ ಬೇರೂರಿದೆ. ಪ್ಯಾರಿಸ್ ಬಳಿಯ ವರ್ಸೇಲ್ಸ್ ಅರಮನೆಯ ಆವರಣ ಸುಮಾರು 800 ಹೆಕ್ಟೇರ್ ಇರುವುದರಿಂದ ಅಲ್ಲಿನ ಉದ್ಯಾನದೊಳಗೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಫ್ರಾನ್ಸಿನ ಲೊಆರ್ ನದಿಯ ಗುಂಟ ರಾಜಮನೆತನದ ಕೋಟೆಮನೆಗಳನ್ನು ಜೋಡಿಸುವ ನೂರಾರು ಕಿಲೋಮೀಟರ್ ಉದ್ದದ ಸೈಕಲ್ ಮಾರ್ಗವಿದೆ. ಮೈಸೂರಿಗೂ ಸೈಕಲ್ ಹೊಸದಲ್ಲ. ಅಗಲ ರಸ್ತೆ, ಸಾಲುಮರ, ಹತ್ತಿರ ಹತ್ತಿರದ ಬಡಾವಣೆಗಳ ಈ ಊರಿನಲ್ಲಿ ಕಾಲೇಜು, ಕಚೇರಿ, ಕಾರ್ಖಾನೆಗಳಿಗೆ ಬಹುಕಾಲ ಜನ ಸೈಕಲ್ ತುಳಿದೇ ಹೋಗುತ್ತಿದ್ದರು. 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ 450 ಸೈಕಲ್‌ಗಳೊಂದಿಗೆ ಶುರುವಾಯಿತು. ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ಈ ಏರ್ಪಾಡು ನಗರದೊಳಗಿನ ಚಿಕ್ಕ ಓಡಾಟಕ್ಕೆ ಹೇಳಿಮಾಡಿಸಿದ್ದು. ದಸರೆಯ ದಿನಗಳಲ್ಲಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಪಾರಂಪರಿಕ ಟಾಂಗಾ ಸವಾರಿಯ ಜತೆಗೆ ಪಾರಂಪರಿಕ ಸೈಕಲ್ ಸವಾರಿಯನ್ನೂ ಏರ್ಪಡಿಸುತ್ತ ಬಂದಿದೆ. ಪಾರಂಪರಿಕ ನಡಿಗೆಗಳಿಗೆ ಹೆಸರಾದ ರಾಯಲ್ ಮೈಸೂರು ವಾಕ್ಸ್‌ನಂತಹ ಸಂಸ್ಥೆಗಳು ಸೈಕಲ್ ಪ್ರವಾಸಗಳನ್ನೂ ನಡೆಸುತ್ತವೆ.

ಊರಾಚೆಯ ದಿನಪೂರ್ತಿ ಸವಾರಿಗೆ ಗೇರ್ ಇರುವ, ಟೈರು ಸ್ವಲ್ಪ ಅಗಲವಿರುವ ಸೈಕಲ್ ಬೇಕು. ಹೊರಡುವ ಮೊದಲು ಸೀಟಿನ ಎತ್ತರ ಸರಿಮಾಡಿಕೊಳ್ಳುವುದು ಮುಖ್ಯ. ಪೆಡಲ್ ಕೆಳಗಿದ್ದಾಗ ಕಾಲು ಹೆಚ್ಚುಕಡಿಮೆ ನೇರವಾಗಬೇಕು, ಮಂಡಿ ತುಸುವಷ್ಟೇ ಬಾಗಿರಬೇಕು. ಸೀಟು ತೀರ ಕೆಳಗಿದ್ದರೆ ಹತ್ತು ಕಿಲೋಮೀಟರ್ ಕಳೆಯುವಷ್ಟರಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ. ತಂಡ ಹತ್ತು ಹನ್ನೆರಡು ಮಂದಿಯನ್ನು ಮೀರದಿದ್ದರೆ ಒಳ್ಳೆಯದು. ಮುಂದೆ ದಾರಿ ತೋರಿಸುವವರು ಒಬ್ಬರು, ಹಿಂದೆ ಯಾರೂ ಉಳಿಯದಂತೆ ನೋಡಿಕೊಳ್ಳುವವರು ಇನ್ನೊಬ್ಬರು. ಉಳಿದವರು ಒಬ್ಬರ ಹಿಂದೊಬ್ಬರು ರಸ್ತೆಯ ಎಡಬದಿ ಹಿಡಿದು ಸಾಗುತ್ತಾರೆ. ತಲೆಗೆ ಹೆಲ್ಮೆಟ್, ಬೆನ್ನಿಗೆ ಬೀಳುವ ಬಿಸಿಲಿಗೆ ಹತ್ತಿಯ ತುಂಬುತೋಳಿನ ಅಂಗಿ, ತಲಾ ಎರಡು ಬಾಟಲಿ ನೀರು ಬೇಕೇ ಬೇಕು.

ಹಿಂದಿನವರ ಚೀಲದಲ್ಲಿ ಪಂಪು, ಒಂದೆರಡು ಹೆಚ್ಚುವರಿ ಟ್ಯೂಬು, ಪಂಕ್ಚರ್ ಸಾಮಾನು ಇರುತ್ತದೆ. ನಾಲೆ ಏರಿಯ ಮೇಲೆ ಜಾಲಿ ಮುಳ್ಳು ಚುಚ್ಚುವುದು ಸಾಮಾನ್ಯ. ಆಗ ಚಕ್ರ ಬಿಚ್ಚಿ, ಟೈರಿನ ಅಂಚನ್ನು ಎಬ್ಬಿಸಿ, ಟ್ಯೂಬು ಹೊರತೆಗೆದು ಗಾಳಿ ತುಂಬುತ್ತಾರೆ. ಅದನ್ನು ನಾಲೆಯ ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತ ಹೋದರೆ ತೂತು ಇದ್ದಲ್ಲಿ ಗುಳ್ಳೆ ಏಳುತ್ತದೆ. ಒರೆಸಿ, ಆ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಅಂಟಂಟಾಗುವವರೆಗೆ ಕಾದು ತೇಪೆ ಒತ್ತುತ್ತಾರೆ. ಟ್ಯೂಬನ್ನು ಮತ್ತೆ ಒಳಗಿಡುವ ಮೊದಲು ಟೈರಿನ ಒಳಮೈಯನ್ನು ಬೆರಳಿನಿಂದ ಸುತ್ತಲೂ ಸವರಿ ಮುಳ್ಳಿನ ತುದಿ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಈ ಒಂದು ಕೆಲಸ ಮರೆತರೆ ಅರ್ಧ ಗಂಟೆಯಲ್ಲಿ ಅದೇ ಜಾಗದಲ್ಲಿ ಮತ್ತೆ ಪಂಕ್ಚರ್ ಆಗುತ್ತದೆ.

ದಾರಿ

ಹೆಚ್ಚಿನ ತಂಡಗಳು ಬೆಳಗ್ಗೆ ಆರೂವರೆಯೊಳಗೆ ಅರಮನೆಯ ಸುತ್ತಮುತ್ತಲಿಂದ ಹೊರಡುತ್ತವೆ. ಅರಮನೆಯ ಪೂರ್ವಕ್ಕಿರುವ ನಜರ್‌ಬಾದ್ ಬಡಾವಣೆಯಿಂದಲೇ ದಿನದ ಕಥೆ ಶುರುಮಾಡಬಹುದು. ಟಿಪ್ಪು ಸುಲ್ತಾನ್ ಹಳೆಯ ಮೈಸೂರು ಕೋಟೆಯನ್ನು ಕೆಡವಿ, ಆ ಕಲ್ಲುಗಳಿಂದ ಹೊಸ ಕೋಟೆ ಕಟ್ಟಿಸತೊಡಗಿದ್ದು ಇಲ್ಲಿ. ಅದು ಮುಗಿಯಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಮರಳಿತು, ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ಮೈಸೂರಿನಲ್ಲೇ ಆಯಿತು, ಕಲ್ಲುಗಳೂ ಹಳೆಯ ಜಾಗಕ್ಕೆ ಮರಳಿದವು. ಮೈಸೂರು ಮತ್ತು ಶ್ರೀರಂಗಪಟ್ಟಣಗಳದು ಒಂದೇ ಸಂಸ್ಥಾನದ ಎರಡು ಮನೆಗಳ ಕಥೆ ಎಂಬುದು ಊರು ಬಿಡುವ ಮೊದಲೇ ಮನಸ್ಸಿಗೆ ಬರಬೇಕು.

ಮುಂದಕ್ಕೆ ಎರಡು ದಾರಿಗಳಿವೆ. ಹತ್ತಿರದ್ದು ಸಿದ್ದಲಿಂಗಪುರದ ಮೂಲಕ ಹೋಗುವ ಬೆಂಗಳೂರು ರಸ್ತೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜತೆಗೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಮತ್ತು ನಾಗನಹಳ್ಳಿ ಕಡೆಯ ಊರ ದಾರಿಗಳಲ್ಲಿ ಸಾಗಬೇಕು. ಎರಡನೆಯದು ಮೇಟಗಳ್ಳಿ, ಬೆಳಗೊಳ, ಪಾಲಹಳ್ಳಿಗಳ ಮೂಲಕ ರಂಗನತಿಟ್ಟು ಪಕ್ಷಿಧಾಮವನ್ನು ಬಳಸಿ ಬರುವ ದಾರಿ. ಇದು ಇಪ್ಪತ್ತು ಕಿಲೋಮೀಟರ್ ಮೀರಿದರೂ ಹೆಚ್ಚು ಭಾಗ ಗದ್ದೆ ಬಯಲು. ಹೋಗುವಾಗ ಒಂದು, ಬರುವಾಗ ಇನ್ನೊಂದು ಹಿಡಿದರೆ ನೋಡಿದ್ದನ್ನೇ ನೋಡುವುದು ತಪ್ಪುತ್ತದೆ.

ಹೊಸಬರಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ, ಶ್ರೀರಂಗಪಟ್ಟಣ ಸುಮಾರು 680 ಮೀಟರ್. ಹೋಗುವ ದಾರಿ ಒಟ್ಟಿನಲ್ಲಿ ಇಳಿಜಾರು, ತುಳಿದದ್ದೇ ಗೊತ್ತಾಗುವುದಿಲ್ಲ. ಆ ಎಂಬತ್ತು ಮೀಟರನ್ನು ಸಂಜೆ, ದಣಿದ ಕಾಲಿನಲ್ಲಿ ಮತ್ತೆ ಏರಬೇಕು. ಬೆಳಗಿನ ಹುರುಪಿನಲ್ಲಿ ಎಲ್ಲ ಶಕ್ತಿಯನ್ನೂ ಖರ್ಚು ಮಾಡಬಾರದೆಂದು ತಿಳಿದ ಮಾರ್ಗದರ್ಶಿಗಳು ಎಚ್ಚರಿಸುತ್ತಾರೆ.

ಮೈಸೂರಿನ ಏರುನೆಲ ಇಳಿದು ನದಿಯ ಬಯಲಿಗೆ ಬರುತ್ತಿದ್ದಂತೆ ಗಾಳಿ ತಂಪಾಗುತ್ತದೆ, ಭತ್ತ ಮತ್ತು ಕಬ್ಬಿನ ಗದ್ದೆ ಶುರುವಾಗುತ್ತದೆ. ಈ ಹಸಿರಿನ ಬೇರು ರಾಜಧಾನಿಯ ಕಾಲದ ಅಣೆಕಟ್ಟೆ ಮತ್ತು ನಾಲೆಗಳಲ್ಲಿದೆ. 17ನೇ ಶತಮಾನದ ನಡುಭಾಗದಲ್ಲಿ ಆಳಿದ ಕಂಠೀರವ ನರಸರಾಜ ಒಡೆಯರ ಹೆಸರಿಗೆ ಹೊಂದಿಕೊಂಡ ಬಂಗಾರದೊಡ್ಡಿ ನಾಲೆಯ ನೀರು, ಕಾವೇರಿಯ ಒಂದು ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿ ದ್ವೀಪಕ್ಕೆ ಬರುತ್ತದೆ. ನದಿಯ ಮೇಲೆ ಇನ್ನೊಂದು ಹರಿವು ಸಾಗಿಸಿದ ಈ ಕೆಲಸವೇ ದ್ವೀಪದ ಕೋಟೆಗೂ ತೋಟಗಳಿಗೂ ಬಲ ಕೊಟ್ಟದ್ದು. ಬಲದಂಡೆಯ ವಿರಿಜಾ ನಾಲೆ, ಎಡದಂಡೆಯ ಚಿಕ್ಕದೇವರಾಜ ಸಾಗರ ನಾಲೆ ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಪಾಲಹಳ್ಳಿಯಲ್ಲಿ 19ನೇ ಶತಮಾನದ ನಡುಭಾಗದಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು. ಕಬ್ಬು ಕಡಿಯುವ ದಿನಗಳಲ್ಲಿ ಆಲೆಮನೆಯೊಂದು ಸಿಕ್ಕರೆ ಸೈಕಲ್ ನಿಲ್ಲಿಸಿ ಬಿಸಿ ಬೆಲ್ಲದ ರುಚಿ ನೋಡದೆ ಯಾರೂ ಮುಂದೆ ಹೋಗುವುದಿಲ್ಲ.

ಕೋಟೆಯೊಳಗೆ

ಮೈಸೂರು ಕಡೆಯಿಂದ ಬಂದವರಿಗೆ ಮೊದಲು ಸಿಗುವುದು ಪಶ್ಚಿಮವಾಹಿನಿ. ಕಾವೇರಿ ಇಲ್ಲಿ ಪಶ್ಚಿಮಕ್ಕೆ ತಿರುಗಿ ಹರಿಯುವುದರಿಂದ ಜನ ಇದನ್ನು ಪುಣ್ಯಸ್ಥಳವೆಂದು ನಂಬಿದ್ದಾರೆ. 1948ರ ಫೆಬ್ರುವರಿಯಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನು ಇಲ್ಲಿಯೂ ವಿಸರ್ಜಿಸಲಾಯಿತು. ಹೊಳೆ ದಾಟಿದರೆ ಕೋಟೆ.

ಶ್ರೀರಂಗಪಟ್ಟಣದ ಹೆಸರಿಗೂ ಉಸಿರಿಗೂ ಮೂಲವಾದ ರಂಗನಾಥಸ್ವಾಮಿ ದೇವಸ್ಥಾನ 894ರಲ್ಲಿ ಗಂಗರ ಅಧೀನದ ತಿರುಮಲಯ್ಯನಿಂದ ಆದದ್ದೆಂದು ಪ್ರತೀತಿ. ಹೊಯ್ಸಳರ, ವಿಜಯನಗರದ ಕಾಲದಲ್ಲಿ ಅದು ಬೆಳೆಯಿತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ವಶಪಡಿಸಿಕೊಂಡರು. ಮೈಸೂರು ಅರಸರ ದಸರೆ ಮೊದಲು ನಡೆದದ್ದು ಆ ವರ್ಷ, ಇದೇ ಊರಿನಲ್ಲಿ. 1761ರ ಹೊತ್ತಿಗೆ ಆಡಳಿತದ ಹಿಡಿತ ಹೈದರ್ ಅಲಿಯ ಕೈಗೆ ಹೋಯಿತು, 1782ರ ಕೊನೆಯಲ್ಲಿ ಅವನು ತೀರಿಕೊಂಡ ಮೇಲೆ ಮಗ ಟಿಪ್ಪುವಿಗೆ ಬಂತು. ರಾಜಮನೆತನ ಹೆಸರಿಗೆ ಇದ್ದಿತು, ಅಧಿಕಾರ ಇರಲಿಲ್ಲ. ಟಿಪ್ಪುವಿನ ಬಗ್ಗೆ ಕರ್ನಾಟಕದಲ್ಲಿ ಭಿನ್ನ ಅಭಿಪ್ರಾಯಗಳಿವೆ, ಬಿಸಿ ಚರ್ಚೆಗಳಿವೆ. ಒಳ್ಳೆಯ ಮಾರ್ಗದರ್ಶಿ ಆ ಚರ್ಚೆಯನ್ನು ಮರೆಮಾಡುವುದೂ ಇಲ್ಲ, ಅದರಲ್ಲಿ ಒಂದು ಪಕ್ಷ ಹಿಡಿದು ಕಥೆ ಕಟ್ಟುವುದೂ ಇಲ್ಲ; ಕಟ್ಟಡ, ಶಾಸನ, ದಾಖಲೆಗಳು ಹೇಳುವಷ್ಟನ್ನು ಹೇಳಿ ನೋಡುಗರಿಗೆ ಬಿಡುತ್ತಾರೆ. ದೇವಸ್ಥಾನ, ಮಸೀದಿ, ಇಗರ್ಜಿ ಮೂರೂ ಇರುವ ಈ ನೆಲದಲ್ಲಿ ಅದೇ ಸರಿಯಾದ ಮರ್ಯಾದೆ.

ದೇವಸ್ಥಾನದ ಎದುರು ಬಯಲಿನಲ್ಲಿ ಇದ್ದದ್ದು ಲಾಲ್ ಮಹಲ್, ಟಿಪ್ಪುವಿನ ಮುಖ್ಯ ಅರಮನೆ. ಈಗ ಅದರ ತಳಪಾಯದ ಕುರುಹಷ್ಟೇ ಉಳಿದಿದೆ. ಅದರ ಮರದ ತೊಲೆಗಳನ್ನು ಕಳಚಿ ನೀಲಗಿರಿಗೆ ಸಾಗಿಸಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚ್ ಕಟ್ಟಲು ಬಳಸಲಾಯಿತು. 1830ರ ಸುಮಾರಿಗೆ ಎದ್ದ ಆ ಚರ್ಚಿನ ಮಾಡನ್ನು ಇಂದೂ ಅವೇ ತೊಲೆಗಳು ಹೊತ್ತಿವೆ. ಅರಮನೆಯಲ್ಲಿದ್ದ ಯಾಂತ್ರಿಕ ಹುಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಸೇರಿತು.

ಕೋಟೆಯ ವಾಯವ್ಯ ಮೂಲೆಗೆ ಸೈಕಲ್ ತಿರುಗಿಸಿದರೆ 1799ರ ಮೇ 4ರಂದು ಬ್ರಿಟಿಷ್ ಸೈನ್ಯ ಗೋಡೆ ಒಡೆದು ನುಗ್ಗಿದ ಜಾಗ ಸಿಗುತ್ತದೆ. ಆ ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಕಂಬ ಹತ್ತಿರದಲ್ಲೇ ಇದೆ. ಮೇ ತಿಂಗಳಲ್ಲೇ ಏಕೆ ಎಂಬ ಪ್ರಶ್ನೆಗೆ ಉತ್ತರ ಹೊಳೆಯಲ್ಲಿದೆ. ಬೇಸಿಗೆಯಲ್ಲಿ ಕಾವೇರಿಯ ಬಂಡೆಗಳು ಮೇಲೆದ್ದು ಸೈನಿಕರು ನಡೆದೇ ದಾಟುವಷ್ಟು ನೀರು ಇಳಿದಿರುತ್ತದೆ; ಇನ್ನೊಂದು ತಿಂಗಳು ಕಳೆದು ಮಳೆ ಹಿಡಿದರೆ ದ್ವೀಪಕ್ಕೆ ಹೊಳೆಯೇ ಕಾವಲು. ಪುಸ್ತಕದಲ್ಲಿ ಓದಿದ ಈ ಸಂಗತಿ ಗೋಡೆಯ ಮೇಲೆ ನಿಂತು ಕೆಳಗಿನ ಬಂಡೆ ಮತ್ತು ನೀರನ್ನು ನೋಡಿದಾಗ ಖಚಿತವಾಗುತ್ತದೆ.

ಕೋಟೆಯ ಉತ್ತರ ಅಂಚಿನಲ್ಲಿ, ನೆಲಮಟ್ಟಕ್ಕಿಂತ ಕೆಳಗೆ, ಇಟ್ಟಿಗೆ ಕಮಾನಿನ ಬಂದೀಖಾನೆಯೊಂದಿದೆ. ಕರ್ನಲ್ ಬೈಲಿಯ ಹೆಸರಿನಿಂದ ಕರೆಯುವ ಈ ಕೋಣೆಯ ಗೋಡೆಯಿಂದ ಹೊರಚಾಚಿದ ಕಲ್ಲುಗಳಲ್ಲಿ ತೂತುಗಳಿವೆ, ಕೈದಿಗಳ ಸರಪಳಿ ಕಟ್ಟಲು. ಚಾವಣಿ ಒಡೆದು ಒಳಗೆ ಬಿದ್ದ ಫಿರಂಗಿಯೊಂದು ಇನ್ನೂ ಅಲ್ಲೇ ಇದೆ. ಅಲ್ಲಿಂದ ಪೂರ್ವಕ್ಕೆ ಟಿಪ್ಪುವಿನ ದೇಹ ಸಿಕ್ಕ ಜಾಗ, ಆಮೇಲೆ ಎರಡು ಮಿನಾರುಗಳ ಜುಮ್ಮಾ ಮಸೀದಿ. ಕೋಟೆಯ ಒಳಗಿನ ಒಂದು ಹಳೆಯ ಶಸ್ತ್ರಾಗಾರವನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ್ದು ಎಂಜಿನಿಯರಿಂಗ್ ಕೌಶಲಕ್ಕೆ ಒಳ್ಳೆಯ ಸಾಕ್ಷಿ; ಬೆಂಗಳೂರು–ಮೈಸೂರು ರೈಲುಮಾರ್ಗದ ಜೋಡಿ ಹಳಿಗೆ ಅದು ಅಡ್ಡ ಬರುತ್ತಿತ್ತು. ಇಷ್ಟು ನೋಡುವಷ್ಟರಲ್ಲಿ ತಿಂಡಿಯ ಹೊತ್ತು. ಇಡ್ಲಿ, ದೋಸೆ, ಕಾಫಿ ಮುಗಿಸಿ ತಂಡ ಕೋಟೆಯಿಂದ ಹೊರಬೀಳುತ್ತದೆ.

ಹೊರಗೆ ಉತ್ತರ ಕವಲಿನ ಮೇಲೆ ಹಳೆಯ ಕಲ್ಲಿನ ಸೇತುವೆಯೊಂದಿದೆ. 1804ರಲ್ಲಿ ದಿವಾನ್ ಪೂರ್ಣಯ್ಯ ಕಟ್ಟಿಸಿ ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟದ್ದು. ಸಾಲು ಕಂಬಗಳ ಮೇಲೆ ಕಲ್ಲು ಚಪ್ಪಡಿ ಹಾಸಿದ ದೇಸಿ ರೀತಿಯ ಈ ಕಟ್ಟೋಣ ಎರಡು ಶತಮಾನಗಳ ಪ್ರವಾಹಗಳನ್ನು ಎದುರಿಸಿ ನಿಂತಿದೆ.

ದರಿಯಾ ದೌಲತ್

ಕೋಟೆಯಿಂದ ಪೂರ್ವಕ್ಕೆ ಒಂದೆರಡು ಕಿಲೋಮೀಟರ್ ಸಾಗಿದರೆ ದರಿಯಾ ದೌಲತ್ ಬಾಗ್. 1784ರಲ್ಲಿ ಮುಗಿದ ಈ ಅರಮನೆ ಹೊರಗಿನಿಂದ ನೋಡಿದರೆ ಅಷ್ಟೇನೂ ದೊಡ್ಡದಲ್ಲ. ನಾಲ್ಕು ಭಾಗವಾಗಿ ಹಂಚಿದ ತೋಟದ ನಡುವೆ, ಎತ್ತರದ ಜಗಲಿಯ ಮೇಲೆ, ಚೌಕಾಕಾರದ ಎರಡಂತಸ್ತಿನ ಕಟ್ಟಡ. ಹೆಚ್ಚಿನ ಕೆಲಸ ತೇಗದ್ದು. ಸುತ್ತಲೂ ಕಂಬಗಳ ಮೊಗಸಾಲೆ, ಕಮಾನುಗಳ ಅಂಚಿಗೆ ದಳದ ಕೆತ್ತನೆ, ಮೇಲಂತಸ್ತಿನಲ್ಲಿ ಕೂತು ಅಹವಾಲು ಕೇಳಲು ಮುಂಚಾಚಿದ ಬಾಲ್ಕನಿಗಳು. ಗೋಡೆ, ಕಂಬ, ಚಾವಣಿ ಎಲ್ಲೆಲ್ಲೂ ಬಣ್ಣದ ಹೂಬಳ್ಳಿ. ಬರಿದೆಂದು ಬಿಟ್ಟ ಜಾಗವೇ ಇಲ್ಲ. ಮೊಗಸಾಲೆಗೆ ಇಳಿಬಿಟ್ಟ ಪರದೆಗಳು ಈ ಬಣ್ಣವನ್ನು ಬಿಸಿಲಿನಿಂದ ಕಾಯುತ್ತವೆ. ಹೊರಗಿನ ಬಿಸಿಲಿನಲ್ಲಿ ಸೈಕಲ್ ತುಳಿದು ಬಂದ ಮೈಗೆ ಒಳಗಿನ ತಂಪು ತಟ್ಟನೆ ತಿಳಿಯುತ್ತದೆ. ಮರದ ಕಟ್ಟೋಣ, ಆಳದ ಮೊಗಸಾಲೆ, ಸುತ್ತಲಿನ ತೋಟ, ಪಕ್ಕದಲ್ಲೇ ಹರಿವ ಕಾವೇರಿ ಎಲ್ಲವೂ ಕೂಡಿ ಈ ಮನೆಯನ್ನು ಬೇಸಿಗೆ ಅರಮನೆಯಾಗಿಸಿದವು.

ಪೂರ್ವದ ಗೋಡೆಯಲ್ಲಿ ದರ್ಬಾರಿನ ಚಿತ್ರಗಳು ಸಾಲಾಗಿವೆ. ಬನಾರಸ್ ಮತ್ತು ತಂಜಾವೂರಿನ ಅರಸರು, ಪೇಶ್ವೆ, ಚಿತ್ರದುರ್ಗದ ಮದಕರಿ ನಾಯಕ, ಮಾಗಡಿ ಕೆಂಪೇಗೌಡ ಮುಂತಾದವರ ಚಿತ್ರಗಳು ಇಲ್ಲಿವೆ. ಪಶ್ಚಿಮದ ಗೋಡೆ ಯುದ್ಧದ್ದು. ಒಂದು ಭಾಗದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಮೆರವಣಿಗೆ, ಇನ್ನೊಂದರಲ್ಲಿ ಪೊಲ್ಲಿಲೂರಿನ ಕದನ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಮೈಸೂರಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ದಂಡನ್ನು ನುಚ್ಚುನೂರು ಮಾಡಿತು. ಭಾರತದಲ್ಲಿ ಕಂಪನಿ ಅಲ್ಲಿಯವರೆಗೆ ಅಂಥ ಸೋಲು ಕಂಡಿರಲಿಲ್ಲ.

ಈ ಚಿತ್ರವನ್ನು ಹತ್ತಿರದಿಂದ, ನಿಧಾನವಾಗಿ ನೋಡಬೇಕು. ಕಂಪನಿಯ ಸಿಪಾಯಿಗಳು ನಾಲ್ಕೂ ಕಡೆ ಬಂದೂಕು ಹಿಡಿದು ಚೌಕವಾಗಿ ನಿಂತಿದ್ದಾರೆ. ಅವರ ನಡುವೆ ಮದ್ದುಗುಂಡಿನ ಬಂಡಿ ಸಿಡಿದು ಬೆಂಕಿ ಮೇಲೆದ್ದಿದೆ. ಕದನದ ಗತಿ ತಿರುಗಿದ್ದು ಆ ಸಿಡಿತದಿಂದ. ಅದೇ ಚೌಕದೊಳಗೆ ಪಲ್ಲಕ್ಕಿಯಲ್ಲಿ ಕೂತಿದ್ದಾನೆ ಗಾಯಗೊಂಡ ಕರ್ನಲ್ ಬೈಲಿ, ಬೆರಳು ಬಾಯಿಗೆ ಹೋಗಿದೆ. ಸುತ್ತ ಎಲ್ಲ ದಿಕ್ಕಿನಿಂದಲೂ ಮೈಸೂರಿನ ಕುದುರೆಗಳು ನುಗ್ಗುತ್ತಿವೆ. ಒಂದು ಪಕ್ಕದಲ್ಲಿ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಬೆಳಗ್ಗೆ ನೋಡಿದ ಬಂದೀಖಾನೆಯ ಬೈಲಿಯೇ ಇವನು. ಈ ಕದನದಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಅವನು 1782ರ ನವೆಂಬರ್‌ನಲ್ಲಿ ಸೆರೆಯಲ್ಲೇ ಸತ್ತ. ಅವನ ಸ್ಮಾರಕ ಇನ್ನೂ ಪೂರ್ವಕ್ಕೆ, ಗುಂಬಜ್ ಬಳಿ ಇದೆ. ಒಬ್ಬ ಮನುಷ್ಯನ ಸೋಲು, ಸೆರೆ, ಸಾವು ಮೂರೂ ದ್ವೀಪದ ಮೂರು ಜಾಗಗಳಲ್ಲಿ ಹಂಚಿಹೋಗಿವೆ. ಸೈಕಲ್ ದಾರಿ ಅವನ್ನು ಒಂದೇ ಎಳೆಯಲ್ಲಿ ಪೋಣಿಸುತ್ತದೆ.

ಈಗ ಕಾಣುವ ಬಣ್ಣ ಪೂರ್ತಿ 1784ರದ್ದಲ್ಲ. 1799ರ ಮುತ್ತಿಗೆಗೆ ಮುಂಚೆಯೇ ಚಿತ್ರಗಳು ಹಾಳಾಗಿದ್ದವು. ಪಟ್ಟಣ ಬಿದ್ದ ಮೇಲೆ ಈ ಅರಮನೆಯಲ್ಲೇ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ಅವನ್ನು ಸರಿಪಡಿಸಿದ. ಆಮೇಲೆ ಸುಣ್ಣ ಬಳಿದು ಚಿತ್ರಗಳು ಹೆಚ್ಚುಕಡಿಮೆ ಅಳಿಸಿಹೋದವು. 1855ರ ಸುಮಾರಿಗೆ ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲ ಚಿತ್ರವನ್ನು ಬಲ್ಲ ಭಾರತೀಯ ಕಲಾವಿದರೊಬ್ಬರಿಂದ ಮತ್ತೆ ಬರೆಸಿದ. ಕಂಪನಿಯ ಸೋಲಿನ ಚಿತ್ರವನ್ನು ಕಂಪನಿಯ ಅಧಿಕಾರಿಗಳೇ ಎರಡು ಬಾರಿ ಉಳಿಸಿದ್ದು ಗಮನಿಸಬೇಕಾದ ಸಂಗತಿ. ಇದೇ ಕದನದ ಸುಮಾರು 32 ಅಡಿ ಉದ್ದದ ಕಾಗದದ ಚಿತ್ರವೊಂದು 2022ರಲ್ಲಿ ಲಂಡನ್ನಿನ ಸೋಥೆಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನೋಡಿಕೊಳ್ಳುವ ಅರಮನೆಯಲ್ಲಿ ಈಗ ಟಿಪ್ಪು ಕಾಲದ ವಸ್ತುಗಳ ಮತ್ತು ಚಿತ್ರಗಳ ಸಂಗ್ರಹಾಲಯವಿದೆ. ಇಲ್ಲಿಗೆ ಒಂದು ಗಂಟೆಗಿಂತ ಕಡಿಮೆ ಹೊತ್ತು ಇಟ್ಟುಕೊಂಡ ಪ್ರವಾಸ ಅವಸರದ್ದು.

ಗಂಜಾಂ, ಗುಂಬಜ್, ಸಂಗಮ

ಅರಮನೆಯಿಂದ ಮುಂದಿನ ದಾರಿ ಗಂಜಾಂ ಮೂಲಕ. ಟಿಪ್ಪು ಕುಶಲಕರ್ಮಿಗಳನ್ನೂ ವ್ಯಾಪಾರಿಗಳನ್ನೂ ನೆಲೆಗೊಳಿಸಿದ ಪೇಟೆಯಿದು. ಇಲ್ಲಿನ ಅಂಜೂರಕ್ಕೆ ಹೆಸರಿದೆ. ಕಾವೇರಿ ದಡದ ನಿಮಿಷಾಂಬ ದೇವಸ್ಥಾನಕ್ಕೆ ಹುಣ್ಣಿಮೆ, ರಜಾದಿನಗಳಲ್ಲಿ ಜನಸಂದಣಿ ಹೆಚ್ಚು. ಅಂಥ ದಿನಗಳಲ್ಲಿ ಸೈಕಲ್ ತಂಡ ಒಳದಾರಿ ಹಿಡಿಯುವುದೇ ಲೇಸು. ಹತ್ತಿರದಲ್ಲಿ ಅಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಯ ಹೆಸರಿನ ಇಗರ್ಜಿಯಿದೆ. 1799ರ ನಂತರ ಎರಡು ದಶಕಕ್ಕೂ ಹೆಚ್ಚು ಕಾಲ ಮೈಸೂರು ಸೀಮೆಯಲ್ಲಿ ನೆಲೆಸಿದ ಅವರು ಸಿಡುಬಿಗೆ ಲಸಿಕೆ ಹಾಕಿಸುವುದಕ್ಕೂ ಶ್ರಮಿಸಿದರು.

ದ್ವೀಪದ ಪೂರ್ವಭಾಗದಲ್ಲಿ ಗುಂಬಜ್. ಹೈದರನ ದೇಹವನ್ನು ಮೊದಲು ಕೋಲಾರದಲ್ಲಿ ಇರಿಸಿ, ಆಮೇಲೆ ಇಲ್ಲಿಗೆ ತಂದು ಸಮಾಧಿ ಮಾಡಲಾಯಿತು. ನಡುವೆ ಹೈದರ್, ಒಂದು ಪಕ್ಕ ಟಿಪ್ಪುವಿನ ತಾಯಿ, ಇನ್ನೊಂದು ಪಕ್ಕ 1799ರಲ್ಲಿ ಟಿಪ್ಪು. ಸುತ್ತಲಿನ ಮೊಗಸಾಲೆಗೆ ನುಣುಪು ಕಪ್ಪುಕಲ್ಲಿನ 36 ಕಂಬಗಳಿವೆ, ಒಳಗೋಡೆಗೆ ಹುಲಿಪಟ್ಟೆಯ ಬಣ್ಣವಿದೆ. ದಂತದ ಕುಸುರಿಯ ಕರಿಮರದ ಬಾಗಿಲುಗಳನ್ನು ಡಾಲ್‌ಹೌಸಿ ಮಾಡಿಸಿಕೊಟ್ಟದ್ದು. ಸುತ್ತ ಇದ್ದದ್ದು ಲಾಲ್‌ಬಾಗ್ ತೋಟ ಮತ್ತು ಅರಮನೆ. 1792ರ ಮುತ್ತಿಗೆಯಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಅಲ್ಲಿ ಬೀಡುಬಿಟ್ಟು ಅರಮನೆಯನ್ನು ಆಸ್ಪತ್ರೆ ಮಾಡಿತು, ತೋಟದ ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಿತು. ಆ ಯುದ್ಧ ಮುಗಿದಾಗ ಟಿಪ್ಪು ತನ್ನ ರಾಜ್ಯದ ಅರ್ಧ ಭಾಗ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಇಲ್ಲಿಂದ ಕೊಂಚ ದೂರಕ್ಕೆ ಕವಲುಗಳೆರಡೂ ಕೂಡುವ ಸಂಗಮ. ದ್ವೀಪದ ಈ ತುದಿ ಮುಟ್ಟಿದಾಗ ಸವಾರರು ರಾಜಧಾನಿಯನ್ನು ಈ ಕೊನೆಯಿಂದ ಆ ಕೊನೆಗೆ ಅಳೆದಂತಾಯಿತು. ಇಷ್ಟು ಫಲವತ್ತಾದ ಜಾಗವನ್ನು 1799ರ ನಂತರ ಬಿಟ್ಟುಹೋದದ್ದೇಕೆ ಎಂಬುದಕ್ಕೂ ಈ ನೀರೇ ಉತ್ತರ. ದ್ವೀಪದಲ್ಲಿ ಜ್ವರದ ಕಾಟ ವಿಪರೀತವಾಗಿ ಬ್ರಿಟಿಷ್ ದಂಡು 1809ರ ಹೊತ್ತಿಗೆ ಬೆಂಗಳೂರಿನತ್ತ ಸರಿಯಿತು. ಬೆಂಗಳೂರು ದಂಡು ಪ್ರದೇಶ ಹುಟ್ಟಿದ್ದಕ್ಕೆ ಅದೂ ಒಂದು ಕಾರಣ.

ಮರಳುವ ದಾರಿ

ಮಧ್ಯಾಹ್ನದ ಊಟದ ನಂತರ ಬಿಸಿಲಿಳಿಯುವವರೆಗೆ ನೆರಳಿನಲ್ಲಿ ಇದ್ದು, ಮೂರೂವರೆಯ ಹೊತ್ತಿಗೆ ಹೊರಟರೆ ರಂಗನತಿಟ್ಟಿಗೆ ಸಮಯ ಸಿಗುತ್ತದೆ. ಅರಸರ ಕಾಲದ ಒಡ್ಡಿನಿಂದ ಉಂಟಾದ ಈ ಕುದುರುಗಳ ಹಕ್ಕಿಗಳನ್ನು ಉಳಿಸಬೇಕೆಂದು ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸರ್ಕಾರಕ್ಕೆ ಮನವರಿಕೆ ಮಾಡಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅರಣ್ಯ ಇಲಾಖೆಯ ದೋಣಿಯಲ್ಲಿ ಕೂತರೆ ಗೂಡು ಕಟ್ಟಿದ ಕೊಕ್ಕರೆಗಳನ್ನೂ ಬಂಡೆಯ ಮೇಲೆ ಮೈಚೆಲ್ಲಿದ ಮೊಸಳೆಗಳನ್ನೂ ಹತ್ತಿರದಿಂದ ಕಾಣಬಹುದು.

ಪಾಲಹಳ್ಳಿ, ಬೆಳಗೊಳದ ಮೇಲೆ ಮೈಸೂರಿಗೆ ಬರುವಾಗ ಏರು ಸಿಗುತ್ತದೆ. ಸಣ್ಣ ಗೇರಿಗೆ ಇಳಿದು, ಒಂದೇ ಲಯದಲ್ಲಿ ತುಳಿಯಬೇಕು. ಆಗದವರು ಇಳಿದು ತಳ್ಳಿಕೊಂಡು ನಡೆದರೆ ನಾಚಿಕೆಯೇನಿಲ್ಲ. ಸುಸ್ತಾದವರನ್ನು ಸೈಕಲ್ ಸಮೇತ ಹತ್ತಿಸಿಕೊಳ್ಳಲು ಒಳ್ಳೆಯ ತಂಡಗಳು ಒಂದು ಗಾಡಿಯನ್ನು ಹಿಂದೆ ಇಟ್ಟುಕೊಂಡಿರುತ್ತವೆ. ಕತ್ತಲಾಗುವ ಮೊದಲೇ ರಿಂಗ್ ರಸ್ತೆ ದಾಟುವಂತೆ ಲೆಕ್ಕ ಹಾಕಬೇಕು. ದ್ವೀಪದ ಸುತ್ತಾಟ ಸೇರಿ ದಿನದ ಒಟ್ಟು ದಾರಿ ಐವತ್ತು ಕಿಲೋಮೀಟರಿನ ಆಸುಪಾಸು. ಅಕ್ಟೋಬರ್‌ನಿಂದ ಫೆಬ್ರುವರಿ ಇದಕ್ಕೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲು ಹೊಸಬರಿಗೆ ಬೇಡ.

ಆಗಬೇಕಾದ್ದು

ಇಷ್ಟೆಲ್ಲ ಇದ್ದರೂ ಮೈಸೂರಿನಿಂದ ಶ್ರೀರಂಗಪಟ್ಟಣದವರೆಗೆ ಸೈಕಲ್ಲಿಗೆಂದೇ ಬಿಟ್ಟ ಅಖಂಡ ದಾರಿ ಬೇಕಾಗಿದೆ. ಅದಕ್ಕೆ ಹೊಸದಾಗಿ ನೆಲ ಹುಡುಕಬೇಕಿಲ್ಲ. ನಾಲೆಗಳ ಏರಿ ಇದೆ, ಹಳ್ಳಿಗಳ ಹಳೆಯ ದಾರಿ ಇದೆ. ಏರಿಯನ್ನು ಸಮ ಮಾಡಿ, ಕವಲುಗಳಲ್ಲಿ ಕನ್ನಡದ ದಾರಿಫಲಕ ಹಾಕಿ, ಸ್ಮಾರಕಗಳ ಬಳಿ ಸೈಕಲ್ ನಿಲ್ಲಿಸಿ ಬೀಗ ಹಾಕುವ ಜಾಗ ಮಾಡಿದರೆ ಅರ್ಧ ಕೆಲಸ ಆದಂತೆ. ನೀರಾವರಿ, ಪ್ರವಾಸೋದ್ಯಮ, ಪುರಾತತ್ವ ಇಲಾಖೆಗಳೂ ಮೈಸೂರು, ಮಂಡ್ಯ ಜಿಲ್ಲಾಡಳಿತಗಳೂ ಕೂತು ಮಾತಾಡಿದರೆ ಆಗದ ಕೆಲಸವೇನಲ್ಲ. ಗಂಜಾಂನ ಅಂಜೂರ ಬೆಳೆಗಾರರಿಗೆ, ಎಳನೀರು, ಕಬ್ಬಿನಹಾಲು ಮಾರುವವರಿಗೆ, ಸೈಕಲ್ ಶಾಪ್ ಇಟ್ಟವರಿಗೆ, ಇತಿಹಾಸ ಓದಿದ ಸ್ಥಳೀಯ ಯುವಕ ಯುವತಿಯರಿಗೆ ಇದರಿಂದ ಗಳಿಕೆಯ ದಾರಿ ತೆರೆಯುತ್ತದೆ. ಶಾಲೆಗಳು ಮಕ್ಕಳನ್ನು ದೂರದ ಊರುಗಳಿಗೆ ಬಸ್ಸಿನಲ್ಲಿ ಕರೆದೊಯ್ಯುವ ಮೊದಲು ಈ ದ್ವೀಪವನ್ನು ಒಮ್ಮೆ ಸೈಕಲ್ಲಿನಲ್ಲಿ ತೋರಿಸಬೇಕು. ದರಿಯಾ ದೌಲತ್ತನ್ನು ಅದರ ಕೋಟೆ, ಹೊಳೆ, ನಾಲೆಗಳ ಜತೆಗೆ ನೋಡಿದವರಿಗಷ್ಟೇ ಆ ಅರಮನೆ ಪೂರ್ತಿಯಾಗಿ ಅರ್ಥವಾಗುತ್ತದೆ.